ಯುದ್ಧದ ಪಾಠಕ್ಕೆ ಊರಿನ ಮಾಜಿ ಸೈನಿಕರು: ಪ್ರೌಢಶಾಲಾ ಶಿಕ್ಷಕರಿಗೊಂದು ಮಾರ್ಗದರ್ಶಿ

ಜುಲೈ 26ರ ಕಾರ್ಗಿಲ್ ವಿಜಯ ದಿವಸದಂದೋ ಡಿಸೆಂಬರ್ 16ರ ವಿಜಯ ದಿವಸದಂದೋ ಊರಿನ ಮಾಜಿ ಸೈನಿಕರೊಬ್ಬರನ್ನು ಶಾಲೆಯ ವೇದಿಕೆಗೆ ಕರೆದು, ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಎರಡು ಮಾತು’ ಆಡಿರೆಂದು ಕೇಳಿಕೊಳ್ಳುವ ರೂಢಿ ನಮ್ಮಲ್ಲಿ ಬಲವಾಗಿದೆ. ಅವರು ಶಿಸ್ತು ಮತ್ತು ದೇಶಪ್ರೇಮದ ಬಗ್ಗೆ ಹತ್ತು ನಿಮಿಷ ಮಾತನಾಡುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ರಾಷ್ಟ್ರಗೀತೆಯೊಂದಿಗೆ ಕಾರ್ಯಕ್ರಮ ಮುಗಿಯುತ್ತದೆ. ಗೌರವ ಸಲ್ಲಿಸಿದ್ದಾಯಿತು, ಆದರೆ ಯುದ್ಧದ ಬಗ್ಗೆ ಯಾರೂ ಏನನ್ನೂ ಕಲಿಯಲಿಲ್ಲ. ವೇದಿಕೆ ಏರಿದ ಸೈನಿಕರು ಸಭೆ ತಮ್ಮಿಂದ ಬಯಸುವುದನ್ನೇ ಹೇಳುತ್ತಾರೆ. ಅದೇ ವ್ಯಕ್ತಿ ಮನೆಯ ಜಗಲಿಯಲ್ಲಿ ಕುಳಿತಾಗ ಲಂಗರಿನ (ಸೈನ್ಯದ ಅಡುಗೆಮನೆಯ) ರೊಟ್ಟಿಯ ಬಗ್ಗೆ, ಹೆಪ್ಪುಗಟ್ಟಿದ ನೀರಿನ ಬಾಟಲಿಯ ಬಗ್ಗೆ, ವಾರಗಟ್ಟಲೆ ತಡವಾಗಿ ಬಂದ ಕಾಗದದ ಬಗ್ಗೆ ಹೇಳುವ ಮಾತಿನ ಧಾಟಿಯೇ ಬೇರೆ. ಆ ಎರಡನೆಯ ಬಗೆಯ ಮಾತನ್ನು ತರಗತಿಯ ಕಲಿಕೆಯಾಗಿ ಮಾಡುವುದು ಹೇಗೆ ಎಂಬುದನ್ನು ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ಸಮಾಜ ವಿಜ್ಞಾನ ಮತ್ತು ಇತಿಹಾಸ ಶಿಕ್ಷಕರನ್ನು ಗಮನದಲ್ಲಿಟ್ಟು ಇಲ್ಲಿ ಬರೆದಿದ್ದೇನೆ. ಒಂದು ತಿಂಗಳ ಅವಧಿಯಲ್ಲಿ ಎಂಟು ಹತ್ತು ಪೀರಿಯಡ್‌ಗಳನ್ನು ಇದಕ್ಕೆ ಮೀಸಲಿಡಬೇಕಾಗುತ್ತದೆ. ಒಂದೇ ದಿನದಲ್ಲಿ ಮುಗಿಸುವ ಯೋಚನೆಯಿದ್ದರೆ ಹಳೆಯ ಸನ್ಮಾನ ಸಮಾರಂಭವೇ ಸಾಕು.

ಯಾವ ಯುದ್ಧ, ಯಾರ ನೆನಪು

ಮೊದಲು ನಿಮ್ಮ ತಾಲ್ಲೂಕಿನಲ್ಲಿ ಯಾರಿದ್ದಾರೆ ಎಂದು ನೋಡಿ, ಆಮೇಲೆ ಯುದ್ಧವನ್ನು ಆರಿಸಿಕೊಳ್ಳಿ. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗಳು ಹಾಗೂ ಮಾಜಿ ಸೈನಿಕರ ಸಂಘಗಳು ಇದಕ್ಕೆ ಸರಿಯಾದ ಬಾಗಿಲುಗಳು. ಕೊಡಗು, ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆಯಂಥ ಜಿಲ್ಲೆಗಳಲ್ಲಿ ಎಷ್ಟೋ ಬಾರಿ ಕಚೇರಿಗೆ ಹೋಗುವ ಅಗತ್ಯವೂ ಬೀಳುವುದಿಲ್ಲ. ನಿಮ್ಮ ತರಗತಿಯಲ್ಲೇ ಯಾರ ಅಜ್ಜ, ಯಾರ ಮಾವ ಪಲ್ಟನ್‌ನಲ್ಲಿದ್ದರು ಎಂದು ಕೇಳಿದರೆ ನಾಲ್ಕಾರು ಕೈಗಳು ಮೇಲೇಳುತ್ತವೆ.

ವಯಸ್ಸಿನ ಲೆಕ್ಕ ಇಲ್ಲಿ ಮುಖ್ಯ. 1962ರ ಅಕ್ಟೋಬರ್-ನವೆಂಬರ್‌ನ ಚೀನಾ ಯುದ್ಧದಲ್ಲಿದ್ದವರು ಎಂಬತ್ತು ದಾಟಿದ್ದಾರೆ, 1965ರವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ, 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತೈದರ ಹತ್ತಿರ. ಹಿರಿಯರು ಸಿಗುವಂತಿದ್ದರೆ ಅವರಿಂದಲೇ ಆರಂಭಿಸಿ. ಕಾರ್ಗಿಲ್‌ನವರನ್ನು ಮುಂದಿನ ವರ್ಷವೂ ಕೇಳಬಹುದು. ಎರಡನೆಯ ಮಹಾಯುದ್ಧಕ್ಕೆ, ಅಥವಾ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದುಕೊಂಡ ಅಶ್ವದಳಗಳಲ್ಲಿ ಒಂದಾಗಿದ್ದ ಮೈಸೂರು ಲ್ಯಾನ್ಸರ್ಸ್‌ನ ಕಾಲಕ್ಕೆ ಹೋಗಬೇಕೆಂದರೆ ಮಕ್ಕಳು, ಮೊಮ್ಮಕ್ಕಳು ಹೇಳುವ ಮಾತು, ಪೆಟ್ಟಿಗೆಯಲ್ಲುಳಿದ ಪದಕ ಮತ್ತು ಕಾಗದಗಳಷ್ಟೇ ದಾರಿ. ಅದು ಕೇಳಿ ತಿಳಿದ ನೆನಪು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಬೇಕು.

ಅಷ್ಟು ಹಿರಿಯರು ಸಿಗದಿದ್ದಲ್ಲಿ, ನನ್ನನ್ನು ಕೇಳಿದರೆ, ಶ್ರೀಲಂಕಾಕ್ಕೆ ಹೋಗಿದ್ದ ಶಾಂತಿಪಾಲನಾ ಪಡೆಯ ಸೈನಿಕರಿಗೆ ಮೊದಲ ಆದ್ಯತೆ ಕೊಡುತ್ತೇನೆ. 1987ರ ಜುಲೈನಿಂದ 1990ರ ಮಾರ್ಚ್‌ವರೆಗೆ ನಡೆದ ಆ ಕಾರ್ಯಾಚರಣೆಯಲ್ಲಿ ಸುಮಾರು 1,200 ಭಾರತೀಯ ಸೈನಿಕರು ಸತ್ತರು. ಭಾರತ-ಶ್ರೀಲಂಕಾ ಒಪ್ಪಂದವನ್ನು ಕಾಯಲು ಹೋದ ಪಡೆ ಕೆಲವೇ ತಿಂಗಳಲ್ಲಿ ತಮಿಳು ಪ್ರತ್ಯೇಕತಾವಾದಿ ಸಂಘಟನೆ ಎಲ್‌ಟಿಟಿಇ ವಿರುದ್ಧ ಹೋರಾಡಬೇಕಾಯಿತು, ಹಿಂದಿರುಗಿದಾಗ ಊರಿನಲ್ಲಿ ಮೆರವಣಿಗೆಗಳಿರಲಿಲ್ಲ. ಶಾಲೆಗಳ ಕ್ಯಾಲೆಂಡರ್‌ನಲ್ಲಿ ಅವರಿಗೊಂದು ದಿನವಿಲ್ಲವಾದ್ದರಿಂದ ಅವರನ್ನು ಯಾರೂ ವೇದಿಕೆಗೆ ಕರೆದಿಲ್ಲ, ಹಾಗಾಗಿ ಅವರ ಬಾಯಲ್ಲಿ ಸಿದ್ಧಭಾಷಣವೂ ಇಲ್ಲ. ಈಗ ಅರವತ್ತರ ಆಚೀಚೆ ಇರುವ ಇವರಿಗೆ ನೆನಪು ಚುರುಕಾಗಿದೆ. ಗೆಲುವು ಸೋಲುಗಳ ಲೆಕ್ಕಕ್ಕೆ ಸುಲಭವಾಗಿ ಸಿಗದ ಯುದ್ಧವೊಂದನ್ನು ಹದಿನೈದರ ವಯಸ್ಸಿನಲ್ಲೇ ಎದುರಿಸಿದ ವಿದ್ಯಾರ್ಥಿ ಮುಂದೆ ಯಾವ ಯುದ್ಧದ ಸುದ್ದಿಯನ್ನೂ ಕ್ರಿಕೆಟ್ ಸ್ಕೋರಿನಂತೆ ಓದಲಾರ.

ವ್ಯಕ್ತಿಯನ್ನು ಆರಿಸುವಾಗ ಪದಕಗಳನ್ನು ನೋಡಬೇಡಿ. ಸೈನ್ಯದಲ್ಲಿ ಬಂದೂಕು ಹಿಡಿದು ಮುಂದೆ ನುಗ್ಗುವವರಷ್ಟೇ ಇರುವುದಿಲ್ಲ. ಚಾಲಕರು, ಅಡುಗೆಯವರು, ಸಿಗ್ನಲ್‌ನವರು, ಗಾಯಾಳುಗಳನ್ನು ನೋಡಿಕೊಳ್ಳುವ ನರ್ಸಿಂಗ್ ಸಹಾಯಕರು, ಸೇತುವೆ ಕಟ್ಟುವ ಮತ್ತು ನೆಲಬಾಂಬು ತೆಗೆಯುವ ಎಂಜಿನಿಯರ್ ದಳದವರು ಎಲ್ಲರೂ ಇರುತ್ತಾರೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಸೇವೆ ಮಾಡಿದ ಒಬ್ಬ ‘ತಂಬಿ’ (ಆ ದಳದ ಸೈನಿಕರನ್ನು ಕರೆಯುವ ಹೆಸರು) ನದಿಗೆ ಸೇತುವೆ ಹಾಕಿದ ರಾತ್ರಿಯನ್ನು ವಿವರಿಸಿದರೆ, ಯುದ್ಧವೆಂಬುದು ಎಷ್ಟು ದೊಡ್ಡ ದುಡಿಮೆ ಎಂಬುದು ಮಕ್ಕಳಿಗೆ ಮೊದಲ ಬಾರಿಗೆ ಅರ್ಥವಾಗುತ್ತದೆ.

ಮಕ್ಕಳ ಸಿದ್ಧತೆ

ಏನೂ ತಿಳಿಯದೆ ಕೇಳಲು ಕುಳಿತ ಮಕ್ಕಳು ‘ಸರ್, ನಿಮಗೆ ಹೇಗನ್ನಿಸಿತು?’ ಎಂಬ ಒಂದೇ ಪ್ರಶ್ನೆಯನ್ನು ಹತ್ತು ಬಾರಿ ಕೇಳುತ್ತಾರೆ. ಆದ್ದರಿಂದ ಮೂರು ಪೀರಿಯಡ್‌ಗಳನ್ನು ಹಿನ್ನೆಲೆಗೆ ಕೊಡಿ. ಮೊದಲನೆಯದು ನಕ್ಷೆಗೆ. 1971ರ ಯುದ್ಧವೆಂದರೆ ಪಂಜಾಬ್, ರಾಜಸ್ಥಾನದ ಗಡಿ ಎಂದೇ ಹಲವು ಮಕ್ಕಳು ತಿಳಿದಿರುತ್ತಾರೆ. ಆದರೆ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಮೊದಲ ಬೆಟಾಲಿಯನ್, ಅಂದರೆ ‘ಜಂಗಿ ಪಲ್ಟನ್’, ಆ ಡಿಸೆಂಬರ್‌ನಲ್ಲಿ ಹೋರಾಡಿದ್ದು ಇಂದಿನ ಬಾಂಗ್ಲಾದೇಶದ ಜಮಾಲ್‌ಪುರದಲ್ಲಿ. ಅಲ್ಲಿಂದ ಬಂದವರು ಹೇಳುವುದು ಮರಳುಗಾಡಿನ ಕಥೆಯಲ್ಲ, ನದಿ ಮತ್ತು ಕೆಸರಿನ ಕಥೆ. ಕಾರ್ಗಿಲ್ ಆದರೆ ನಕ್ಷೆಯ ಜೊತೆಗೆ ಎತ್ತರವನ್ನೂ ತೋರಿಸಬೇಕು: ಹದಿನಾರು, ಹದಿನೇಳು ಸಾವಿರ ಅಡಿಯ ಶಿಖರಗಳಲ್ಲಿ ಹತ್ತು ಹೆಜ್ಜೆ ನಡೆದರೆ ಉಸಿರು ಯಾಕೆ ಕಟ್ಟುತ್ತದೆ ಎಂಬುದನ್ನು ವಿಜ್ಞಾನದ ಶಿಕ್ಷಕರು ಅರ್ಧ ಪೀರಿಯಡ್‌ನಲ್ಲಿ ವಿವರಿಸಬಲ್ಲರು.

ಎರಡನೆಯ ಪೀರಿಯಡ್ ಕಾಲಾನುಕ್ರಮಕ್ಕೆ. ಯುದ್ಧ ಯಾಕೆ ಆರಂಭವಾಯಿತು, ಯಾವ ದಿನ ಏನಾಯಿತು, ಹೇಗೆ ನಿಂತಿತು ಎಂಬುದು ಒಂದು ಪುಟದಲ್ಲಿ ಮಕ್ಕಳ ಕೈಯಲ್ಲಿರಲಿ. ಮೂರನೆಯದರಲ್ಲಿ ಸೈನ್ಯದ ರಚನೆಯನ್ನು ಪರಿಚಯಿಸಿ: ಸಿಪಾಯಿ, ನಾಯಕ್, ಹವಾಲ್ದಾರ್, ಸುಬೇದಾರ್ ಎಂಬ ಹುದ್ದೆಗಳ ಸಾಲು, ಪ್ಲಟೂನ್, ಕಂಪನಿ, ಬೆಟಾಲಿಯನ್‌ಗಳ ಗಾತ್ರ, ಫೀಲ್ಡ್ ಏರಿಯಾಕ್ಕೂ (ಗಡಿ ಅಥವಾ ಕಾರ್ಯಾಚರಣೆಯ ಪ್ರದೇಶ) ಪೀಸ್ ಪೋಸ್ಟಿಂಗ್‌ಗೂ (ಶಾಂತ ನೆಲೆಯ ನಿಯೋಜನೆ) ಇರುವ ವ್ಯತ್ಯಾಸ. ‘56 ಎಪಿಓ’ (ಸೇನಾ ಅಂಚೆ ಕಚೇರಿ) ಎಂದು ವಿಳಾಸ ಬರೆದರೆ ಕಾಗದ ಎಲ್ಲಿಗೆ ಹೋಗುತ್ತಿತ್ತು, ಊರಿನ ಹೆಸರನ್ನು ಯಾಕೆ ಬರೆಯುತ್ತಿರಲಿಲ್ಲ ಎಂಬ ಚರ್ಚೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯವಾಗಿದೆ, ಕಾರವಾರದ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್ ನಿಂತಿದೆ. ಹತ್ತಿರದಲ್ಲಿದ್ದರೆ ಕರೆದೊಯ್ಯಿರಿ, ದೂರವಿದ್ದರೆ ಅದಕ್ಕಾಗಿ ಪ್ರವಾಸ ಹೊರಡಿಸುವ ಅಗತ್ಯವೇನಿಲ್ಲ.

ಈ ಹಂತದಲ್ಲಿ ಇನ್ನೊಂದು ಎಚ್ಚರ ಬೇಕು. ತರಗತಿಯಲ್ಲಿ ತಂದೆ ಸೇವೆಯಲ್ಲಿರುವ ಮಗು ಇರಬಹುದು, ಸೇವೆಯಲ್ಲಿದ್ದಾಗಲೇ ತಂದೆಯನ್ನು ಕಳೆದುಕೊಂಡ ಮಗುವೂ ಇರಬಹುದು. ಅಂಥ ಮಕ್ಕಳೊಂದಿಗೂ ಅವರ ಮನೆಯವರೊಂದಿಗೂ ಮುಂಚೆಯೇ ಪ್ರತ್ಯೇಕವಾಗಿ ಮಾತನಾಡಿ, ಬೇಡವೆಂದರೆ ಬೇರೆ ಕೆಲಸ ಕೊಡಿ. ಅವರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಪರಿಚಯಿಸುವುದು ಎಷ್ಟೇ ಒಳ್ಳೆಯ ಉದ್ದೇಶದಿಂದ ಕೂಡಿದ್ದರೂ ಕ್ರೌರ್ಯವೇ.

ಮೊದಲ ಭೇಟಿ ಮತ್ತು ಒಪ್ಪಿಗೆ

ಮೊದಲ ಭೇಟಿಗೆ ಶಿಕ್ಷಕರು ಒಬ್ಬರೇ ಹೋಗಬೇಕು, ರೆಕಾರ್ಡರ್ ಒಯ್ಯಬಾರದು. ಮಕ್ಕಳು ಏನನ್ನು ಕೇಳಲಿದ್ದಾರೆ, ಮಾತು ಎಲ್ಲಿ ಉಳಿಯುತ್ತದೆ, ಯಾರು ಓದುತ್ತಾರೆ, ಜಾಲತಾಣಕ್ಕೆ ಹಾಕುತ್ತೀರೋ ಇಲ್ಲವೋ ಎಂಬುದನ್ನೆಲ್ಲ ಸರಳವಾದ ಮಾತುಗಳಲ್ಲಿ ಹೇಳಿ, ಒಂದು ಪುಟದ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ ಸಹಿ ಪಡೆಯಿರಿ. ಯಾವುದೇ ಪ್ರಶ್ನೆಗೆ ಉತ್ತರಿಸದಿರುವ, ಆಡಿದ ಮಾತನ್ನು ಆಮೇಲೆ ತೆಗೆಸುವ ಹಕ್ಕು ಅವರಿಗಿದೆ ಎಂಬ ಸಾಲು ಆ ಪತ್ರದಲ್ಲಿ ಇರಲೇಬೇಕು. ಇತ್ತೀಚಿನ ನಿಯೋಜನೆ, ನೆಲೆಗಳ ಜಾಗ, ಈಗಲೂ ಬಳಕೆಯಲ್ಲಿರುವ ಉಪಕರಣಗಳ ವಿಷಯಕ್ಕೆ ಹೋಗುವುದಿಲ್ಲವೆಂದು ನೀವೇ ಹೇಳಿಬಿಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ, ಅವರನ್ನು ಇಕ್ಕಟ್ಟಿಗೆ ಸಿಲುಕಿಸುವುದು ಸರಿಯಲ್ಲ.

ಮನೆಯವರನ್ನೂ ಮಾತನಾಡಿಸಿ. ರಾತ್ರಿ ನಿದ್ದೆಗೆಡುತ್ತಾರೆಯೇ, ಯಾವ ಮಾತು ಬಂದರೆ ಎದ್ದು ಹೋಗುತ್ತಾರೆ, ಯಾವ ಗೆಳೆಯನ ಹೆಸರನ್ನು ಎತ್ತಬಾರದು ಎಂಬುದು ಹೆಂಡತಿಗೆ ಅಥವಾ ಮಗಳಿಗೆ ಗೊತ್ತಿರುತ್ತದೆ. ‘ಅವರು ಇದನ್ನೆಲ್ಲ ನಮಗೇ ಹೇಳಿಲ್ಲ’ ಎಂದು ಅವರು ಹೇಳಿದರೆ, ನಿಧಾನವಾಗಿ ಮುಂದುವರಿಯಬೇಕೆಂದು ತಿಳಿಯಿರಿ. ಮಾತುಕತೆಯ ನಂತರ ನೆನಪುಗಳು ಕಾಡತೊಡಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಈ ಸಂಖ್ಯೆಯನ್ನು ಒಪ್ಪಿಗೆ ಪತ್ರದ ಕೆಳಗೆ ಮುದ್ರಿಸಿ ಮನೆಯಲ್ಲಿ ಬಿಟ್ಟುಬನ್ನಿ.

ಪ್ರಶ್ನೆಗಳು

ಇಡೀ ಕೆಲಸ ನಿಲ್ಲುವುದು ಪ್ರಶ್ನೆಗಳ ಮೇಲೆ. ಮಕ್ಕಳೇ ಬರೆಯಲಿ, ನಂತರ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಹಾಕಿ ಸೋಸಿ. ‘ಎಷ್ಟು ಜನರನ್ನು ಕೊಂದಿರಿ?’ ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಬರುತ್ತದೆ. ಅದನ್ನು ಗದರಿಸಿ ಅಳಿಸಬೇಡಿ. ಅದನ್ನು ಯಾಕೆ ಕೇಳಬಾರದು ಎಂಬ ಚರ್ಚೆಗೆ ಹತ್ತು ನಿಮಿಷ ಕೊಡಿ, ಆ ಹತ್ತು ನಿಮಿಷವೇ ಒಂದು ಪಾಠ. ‘ಯುವಜನರಿಗೆ ನಿಮ್ಮ ಸಂದೇಶವೇನು?’ ಎಂಬುದನ್ನು ಮಾತ್ರ ಚರ್ಚೆಯಿಲ್ಲದೆ ಅಳಿಸಿಬಿಡಿ, ಏಕೆಂದರೆ ಅದು ಅವರನ್ನು ಮತ್ತೆ ವೇದಿಕೆಗೇ ಹತ್ತಿಸುತ್ತದೆ.

ಒಳ್ಳೆಯ ಪ್ರಶ್ನೆ ಒಂದು ವಸ್ತುವನ್ನೋ ಒಂದು ಗಳಿಗೆಯನ್ನೋ ಹಿಡಿದಿರುತ್ತದೆ. ‘ಭರ್ತಿಯಾಗಿ ಊರು ಬಿಟ್ಟ ದಿನ ನಿಮ್ಮ ಟ್ರಂಕಿನಲ್ಲಿ ಏನೇನಿತ್ತು?’ ‘ಯುದ್ಧ ಆರಂಭವಾಯಿತೆಂಬ ಸುದ್ದಿ ನಿಮಗೆ ಮುಟ್ಟಿದಾಗ ನೀವು ಏನು ಮಾಡುತ್ತಿದ್ದಿರಿ?’ ‘ಊಟ ಎಷ್ಟು ಹೊತ್ತಿಗೆ ಬರುತ್ತಿತ್ತು, ಯಾರು ಹೊತ್ತು ತರುತ್ತಿದ್ದರು?’ ‘ಪಲ್ಟನ್‌ನಲ್ಲಿ ನಿಮ್ಮ ಭಾಷೆಯವರು ಇನ್ಯಾರಿದ್ದರು?’ ‘ರಜೆಗೆ ಬಂದಾಗ ಮನೆಯವರು ಏನು ಕೇಳುತ್ತಿದ್ದರು, ಅದರಲ್ಲಿ ಯಾವುದಕ್ಕೆ ನೀವು ಉತ್ತರ ಹೇಳುತ್ತಿರಲಿಲ್ಲ?’ ಇಂಥ ಪ್ರಶ್ನೆಗಳಿಗೆ ಹೌದು, ಇಲ್ಲ ಎಂಬ ಉತ್ತರ ಸಾಲದು. 1962ರವರಾದರೆ ಕಾಲಲ್ಲಿ ಏನಿತ್ತು, ಮೈಮೇಲೆ ಏನಿತ್ತು ಎಂದು ಕೇಳಿ ಸುಮ್ಮನಿರಿ. ಹಿಮಾಲಯದ ಚಳಿಗಾಲದಲ್ಲಿ ಕ್ಯಾನ್ವಾಸ್ ಬೂಟು ಮತ್ತು ಹತ್ತಿಯ ಸಮವಸ್ತ್ರದಲ್ಲಿದ್ದ ತುಕಡಿಗಳ ಕಥೆ ಆ ಯುದ್ಧದ ಸಿದ್ಧತೆ ಎಷ್ಟಿತ್ತೆಂಬುದನ್ನು ಪಠ್ಯಪುಸ್ತಕದ ಒಂದು ಅಧ್ಯಾಯಕ್ಕಿಂತ ಚೆನ್ನಾಗಿ ತಿಳಿಸುತ್ತದೆ.

ಕ್ರಮವೂ ಇರಲಿ. ಬಾಲ್ಯ ಮತ್ತು ಭರ್ತಿಯಿಂದ ಆರಂಭಿಸಿ, ತರಬೇತಿ, ಪಯಣ, ಯುದ್ಧದ ದಿನಚರಿ, ಆಮೇಲೆ ಯುದ್ಧ, ಕೊನೆಯಲ್ಲಿ ಹಿಂದಿರುಗಿ ಬಂದ ಬಗೆ. ಈ ಕೊನೆಯ ಭಾಗವನ್ನು ಎಲ್ಲರೂ ಮರೆಯುತ್ತಾರೆ. ಮೂವತ್ತೈದು ನಲವತ್ತರ ವಯಸ್ಸಿಗೆ ನಿವೃತ್ತಿಯಾಗಿ ಬಂದವರು ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಂತದ್ದು, ಜಮೀನಿಗಾಗಿ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದದ್ದು, ಊರಿನವರಿಗೆ ತಾನು ಪರಕೀಯನಾಗಿ ಕಂಡದ್ದು, ಇವೂ ಯುದ್ಧದ ಇತಿಹಾಸವೇ.

ಮಾತುಕತೆಯ ದಿನ

ಇಡೀ ತರಗತಿಯನ್ನು ಕೂರಿಸಬೇಡಿ. ನಾಲ್ಕೈದು ಮಕ್ಕಳ ಗುಂಪು ಸಾಕು: ಒಬ್ಬರು ಕೇಳಲು, ಒಬ್ಬರು ಟಿಪ್ಪಣಿ ಮಾಡಲು, ಒಬ್ಬರು ಧ್ವನಿಮುದ್ರಣ ನೋಡಿಕೊಳ್ಳಲು, ಉಳಿದವರು ಪೂರಕ ಪ್ರಶ್ನೆಗೆ. ಅವರ ಮನೆಯಲ್ಲೇ ಕೂರುವುದು ಒಳ್ಳೆಯದು, ಏಕೆಂದರೆ ಮಾತಿನ ನಡುವೆ ಎದ್ದು ಹೋಗಿ ಡಿಸ್ಚಾರ್ಜ್ ಬುಕ್ಕನ್ನೋ (ಸೇವೆಯಿಂದ ಬಿಡುಗಡೆಯಾದ ದಾಖಲೆ) ಹಳೆಯ ಗುಂಪಿನ ಫೋಟೊವನ್ನೋ ತರುತ್ತಾರೆ. ಆ ಫೋಟೊದಲ್ಲಿ ಯಾರ್‍ಯಾರಿದ್ದಾರೆ ಎಂದು ಎಡದಿಂದ ಬಲಕ್ಕೆ ಹೆಸರು ಹೇಳಿಸಿದರೆ ಪ್ರಶ್ನಾವಳಿಯಲ್ಲಿಲ್ಲದ ಅರ್ಧ ಗಂಟೆಯ ಮಾತು ಸಿಗುತ್ತದೆ. ಎರಡು ಮೊಬೈಲ್‌ಗಳಲ್ಲಿ ಮುದ್ರಿಸಿಕೊಳ್ಳಿ, ಎರಡನ್ನೂ ಏರೋಪ್ಲೇನ್ ಮೋಡ್‌ನಲ್ಲಿಡಿ, ಫ್ಯಾನ್ ನಿಲ್ಲಿಸಿ, ಆರಂಭದಲ್ಲಿ ದಿನಾಂಕ, ಸ್ಥಳ ಮತ್ತು ಅವರ ಒಪ್ಪಿಗೆಯ ಮಾತು ದಾಖಲಾಗಲಿ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಡ. ಉಳಿದದ್ದಕ್ಕೆ ಇನ್ನೊಂದು ದಿನ ಹೋಗಿ, ಎರಡನೆಯ ಭೇಟಿಯಲ್ಲಿ ಮಾತು ಹೆಚ್ಚು ಸಲೀಸಾಗಿ ಬರುತ್ತದೆ.

ಮಕ್ಕಳಿಗೆ ಕಲಿಸಬೇಕಾದ ಅತಿ ಕಷ್ಟದ ವಿದ್ಯೆ ಸುಮ್ಮನಿರುವುದು. ಹೇಳುತ್ತಿದ್ದವರು ನಡುವೆ ನಿಂತರೆ ಹದಿನೈದರ ಹುಡುಗ ಗಾಬರಿಯಾಗಿ ಮುಂದಿನ ಪ್ರಶ್ನೆಗೆ ಜಿಗಿಯುತ್ತಾನೆ, ಹೇಳಲು ಹೊರಟಿದ್ದ ಮಾತು ಅಲ್ಲೇ ಮುರಿಯುತ್ತದೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯುವ ಅಭ್ಯಾಸವನ್ನು ತರಗತಿಯಲ್ಲೇ ಜೋಡಿಗಳಾಗಿ ಮಾಡಿಸಿ. ಕಣ್ಣೀರು ಬಂದರೆ ರೆಕಾರ್ಡರ್ ನಿಲ್ಲಿಸಲೇ ಎಂದು ಶಿಕ್ಷಕರು ಕೇಳಬೇಕು, ನಿಲ್ಲಿಸಿ ಎಂದರೆ ತಕ್ಷಣ ನಿಲ್ಲಿಸಬೇಕು, ನೀರು ತರಿಸಬೇಕು, ಬೆಳೆಯ ಬಗ್ಗೆಯೋ ಮೊಮ್ಮಕ್ಕಳ ಬಗ್ಗೆಯೋ ಮಾತು ತಿರುಗಿಸಬೇಕು. ಏನಾಯಿತೆಂದು ತಿಳಿಯುವ ಕುತೂಹಲಕ್ಕಿಂತ ಅವರ ನೆಮ್ಮದಿ ದೊಡ್ಡದು.

ಬರಹಕ್ಕಿಳಿಸಿ ದಾಖಲೆಯೊಂದಿಗೆ ಹೋಲಿಸುವುದು

ಧ್ವನಿಮುದ್ರಣವನ್ನು ಆಡಿದಂತೆಯೇ ಬರೆಯಬೇಕು. ಧಾರವಾಡದ ಕನ್ನಡವನ್ನೋ ಅದರ ನಡುವೆ ಬರುವ ಪಲ್ಟನ್ ಹಿಂದಿಯನ್ನೋ ಪುಸ್ತಕದ ಭಾಷೆಗೆ ತಿದ್ದಬಾರದು. ಕೊಡಗಿನಲ್ಲಿ ಕೊಡವ ತಕ್ಕ್‌ನಲ್ಲಿ ಹೇಳುವುದು ಸುಲಭವೆನಿಸಿದರೆ ಹಾಗೆಯೇ ಹೇಳಿಸಿ, ಕನ್ನಡಕ್ಕೆ ತರುವ ಕೆಲಸವನ್ನು ಆ ಭಾಷೆ ಬಲ್ಲ ವಿದ್ಯಾರ್ಥಿಗಳಿಗೆ ವಹಿಸಿ. ಒಂದು ಗಂಟೆಯ ಮಾತನ್ನು ಬರೆಯಲು ಐದಾರು ಗಂಟೆ ಬೇಕು, ಆದ್ದರಿಂದ ಹತ್ತು ಹತ್ತು ನಿಮಿಷಗಳಂತೆ ಹಂಚಿಕೊಡಿ.

ಮುಂದಿನ ಹೆಜ್ಜೆಯನ್ನು ಹೆಚ್ಚಿನ ಶಿಕ್ಷಕರು ಸಂಕೋಚದಿಂದ ಬಿಟ್ಟುಬಿಡುತ್ತಾರೆ: ಹೇಳಿದ್ದನ್ನು ದಾಖಲೆಯೊಂದಿಗೆ ಹೋಲಿಸುವುದು. ಇದು ಅವಮಾನವಲ್ಲ. ನೆನಪು ಐವತ್ತು ವರ್ಷಗಳಲ್ಲಿ ದಿನಾಂಕಗಳನ್ನು ಜರುಗಿಸುತ್ತದೆ, ಎರಡು ರಾತ್ರಿಗಳನ್ನು ಒಂದಾಗಿಸುತ್ತದೆ, ಗೆಳೆಯನಿಂದ ಕೇಳಿದ್ದನ್ನು ತಾನೇ ಕಂಡಂತೆ ಮಾಡುತ್ತದೆ. ಇಟಲಿಯ ಟೆರ್ನಿ ಪಟ್ಟಣದಲ್ಲಿ 1949ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಕಾರ್ಮಿಕನೊಬ್ಬನ ಸಾವನ್ನು ಅಲ್ಲಿನ ಹಲವು ಕಾರ್ಮಿಕರು 1953ರ ಸಾಮೂಹಿಕ ವಜಾದ ಹೋರಾಟದ ಘಟನೆಯೆಂದು ನೆನಪಿಟ್ಟುಕೊಂಡಿದ್ದರು. ತಮ್ಮ ಪಾಲಿಗೆ ದೊಡ್ಡದಾಗಿದ್ದ ಹೋರಾಟಕ್ಕೇ ಆ ಸಾವನ್ನು ಅವರು ಜೋಡಿಸಿದ್ದರು. ಅಂದರೆ ತಪ್ಪು ಸಿಕ್ಕಾಗ ಕೇಳಬೇಕಾದ ಪ್ರಶ್ನೆ ‘ಇವರು ಹೀಗೆ ಯಾಕೆ ನೆನಪಿಟ್ಟುಕೊಂಡರು?’ ಎಂಬುದು.

ಹೋಲಿಕೆಗೆ ಬೇಕಾದ ಸಾಮಗ್ರಿ ಕೈಗೆಟುಕುವಷ್ಟಿದೆ. ಯುದ್ಧದ ದಿನಗಳ ಪ್ರಜಾವಾಣಿ ಅಥವಾ ಸಂಯುಕ್ತ ಕರ್ನಾಟಕದ ಹಳೆಯ ಸಂಚಿಕೆಗಳನ್ನು ದೊಡ್ಡ ಗ್ರಂಥಾಲಯಗಳಲ್ಲಿ ವಿಚಾರಿಸಿ. ಶೌರ್ಯ ಪ್ರಶಸ್ತಿಗಳ ಉಲ್ಲೇಖಗಳು ರಕ್ಷಣಾ ಸಚಿವಾಲಯದ ಜಾಲತಾಣದಲ್ಲಿವೆ. 2019ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಕೆತ್ತಿರುವ ಹೆಸರುಗಳನ್ನು ಅದರ ಜಾಲತಾಣದಲ್ಲಿ ಹುಡುಕಬಹುದು. ತಮ್ಮ ಕಂಪನಿಯಲ್ಲಿ ಸತ್ತ ಗೆಳೆಯನೆಂದು ಅವರು ಹೇಳಿದ ಹೆಸರು ಅಲ್ಲಿ ಸಿಕ್ಕರೆ, ಅದನ್ನು ಮುದ್ರಿಸಿ ಅವರಿಗೆ ತಲುಪಿಸಿ.

ಅಭ್ಯಾಸಕ್ಕೆಂದು ಮಕ್ಕಳಿಗೆ ಮೊದಲು ಒಂದು ಪ್ರಸಿದ್ಧ ಪ್ರಸಂಗ ಕೊಡಿ. 1965ರ ಸೆಪ್ಟೆಂಬರ್ 22ರಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನವನ್ನು ಹೊಡೆದುರುಳಿಸಲಾಯಿತು, ಅವರು ಪಾಕಿಸ್ತಾನದ ಸೆರೆಯಾದರು. ಅಧ್ಯಕ್ಷ ಅಯೂಬ್ ಖಾನ್ ಮಗನನ್ನು ಬಿಟ್ಟುಕೊಡುವ ಮಾತು ತೆಗೆದಾಗ ತಂದೆ, ಎಲ್ಲ ಸೆರೆಯಾಳುಗಳಿಗೂ ಒಂದೇ ನಡತೆ ಇರಲಿ ಎಂದು ನಿರಾಕರಿಸಿದರೆಂಬುದು ಕೊಡಗಿನ ಮನೆಮನೆಯ ಕಥೆ. ಬಾಯಿಂದ ಬಾಯಿಗೆ ಬರುವಾಗ ಸಂಭಾಷಣೆಯ ಮಾತುಗಳು ಬದಲಾಗುತ್ತವೆ. ಮೂರು ಕಡೆಯಿಂದ ಮೂರು ನಿರೂಪಣೆ ಸಂಗ್ರಹಿಸಿ, ಎಲ್ಲದರಲ್ಲೂ ಇರುವುದೇನು, ಒಂದರಲ್ಲಿ ಮಾತ್ರ ಇರುವುದೇನು ಎಂದು ಮಕ್ಕಳು ಎರಡು ಪಟ್ಟಿ ಮಾಡಲಿ. ಅದೇ ವಿಧಾನವನ್ನು ನಂತರ ತಮ್ಮದೇ ಸಂದರ್ಶನಕ್ಕೆ ಅನ್ವಯಿಸಲಿ.

ಬೇರೆ ದನಿಗಳು

ಒಬ್ಬರ ನೆನಪು ಒಬ್ಬರದೇ ಬಂಕರಿನಷ್ಟು ಅಗಲ. ಆದ್ದರಿಂದ ಅವರ ಪಕ್ಕದಲ್ಲಿ ಇತರರ ಮಾತನ್ನೂ ಇಡಬೇಕು. ಮೊದಲಿಗೆ ಮನೆಯಲ್ಲಿ ಉಳಿದವರದು: ಅಂಚೆಯವನು ಟೆಲಿಗ್ರಾಂ ಹಿಡಿದು ಬೀದಿಗೆ ಬಂದನೆಂದರೆ ಯಾರ ಮನೆಗೆಂದು ಇಡೀ ಬೀದಿಯೇ ಕಾಯುತ್ತಿದ್ದ ಕಾಲವನ್ನು ಹೆಂಡತಿಯರು, ಅಕ್ಕತಂಗಿಯರು ಹೇಳಬಲ್ಲರು. ವೀರನಾರಿಯರನ್ನು, ಅಂದರೆ ಹುತಾತ್ಮ ಸೈನಿಕರ ಪತ್ನಿಯರನ್ನು, ಕೇಳುವುದಾದರೆ ಗಂಡನ ಸಾವಿನ ಬಗ್ಗೆ ಕೇಳದೆ, ಆಮೇಲೆ ಮನೆ ನಡೆಸಿದ ವರ್ಷಗಳ ಬಗ್ಗೆ ಕೇಳಿ.

ಎದುರು ಬದಿಯ ಮಾತು ಯಾಕೆ ಬೇಕು ಎಂಬುದಕ್ಕೆ ಕೊಡಗಿನಲ್ಲೇ ಬಲವಾದ ನಿದರ್ಶನವಿದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಹಿಂದಿರುಗಲಿಲ್ಲ. ಅವರು ಎಲ್ಲಿ, ಹೇಗೆ ಸತ್ತರೆಂಬುದು ಭಾರತದ ಕಡೆ ಯಾರಿಗೂ ತಿಳಿದಿರಲಿಲ್ಲ. ಪಾಕಿಸ್ತಾನಿ ವಾಯುಪಡೆಯ ಬಗ್ಗೆ ಬ್ರಿಟಿಷ್ ಲೇಖಕರೊಬ್ಬರು 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ದಿನದ ಕಾದಾಟದ ವಿವರ ಬಂತು: ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದೊಂದಿಗೆ ಮಿಸ್ಟೇರ್ ಒಂದು ಸೆಣಸಿ ಅದನ್ನು ಉರುಳಿಸಿತ್ತು, ಅದರ ಪಾಕಿಸ್ತಾನಿ ಪೈಲಟ್ ಪ್ಯಾರಾಚೂಟ್‌ನಿಂದ ಇಳಿದು ಬದುಕಿದ್ದ. ಆ ಮಿಸ್ಟೇರ್ ದೇವಯ್ಯನವರದೆಂದು ಗುರುತಿಸಿದ ಮೇಲೆ 1988ರಲ್ಲಿ, ಇಪ್ಪತ್ತಮೂರು ವರ್ಷ ತಡವಾಗಿ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಎದುರಾಳಿಯ ನೆನಪು ದಾಖಲಾಗದಿದ್ದರೆ ನಮ್ಮ ವೀರನ ಕಥೆಯೇ ನಮಗೆ ಸಿಗುತ್ತಿರಲಿಲ್ಲ ಎಂಬುದನ್ನು ಮಕ್ಕಳ ಮುಂದಿಟ್ಟು, ನಿಮ್ಮ ಸಂದರ್ಶನದ ಘಟನೆಯನ್ನು ಆಚೆ ಬದಿಯವರು, ಅಲ್ಲಿನ ಊರಿನವರು ಹೇಗೆ ಹೇಳಬಹುದು, ಅದು ಎಲ್ಲಿ ಸಿಗಬಹುದು ಎಂದು ಹುಡುಕಲು ಹಚ್ಚಿ.

ಮರಳಿ ಒಪ್ಪಿಸುವುದು

ವಿದ್ಯಾರ್ಥಿಗಳಿಂದ ಭಾಷಣವನ್ನಾಗಲಿ ನಾಟಕವನ್ನಾಗಲಿ ಮಾಡಿಸುವುದಕ್ಕಿಂತ ಹತ್ತು ಹದಿನೈದು ಪುಟಗಳ ಪುಸ್ತಿಕೆ ಮಾಡಿಸುವುದು ಮೇಲು: ನಕ್ಷೆ, ಕಾಲಾನುಕ್ರಮ, ಅವರ ಮಾತಿನ ಆಯ್ದ ಭಾಗಗಳು, ಪ್ರತಿ ಭಾಗದ ಕೆಳಗೆ ಮಕ್ಕಳು ಹೋಲಿಸಿ ನೋಡಿದ ಟಿಪ್ಪಣಿ. ಡಿಸ್ಚಾರ್ಜ್ ಬುಕ್ಕಿನ ಚಿತ್ರ ಹಾಕುವುದಾದರೆ ಸೇವಾ ಸಂಖ್ಯೆ, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ವಿವರಗಳನ್ನು ಮುಚ್ಚಿ. ಮುದ್ರಣಕ್ಕೆ ಮುನ್ನ ಇಡೀ ಕರಡನ್ನು ಅವರಿಗೆ ಓದಿ ಹೇಳಿ. ಕಣ್ಣು ಮಂಜಾದವರಿಗೆ ಕಾಗದ ಕೊಟ್ಟು ಬಂದರೆ ಸಾಲದು. ಅವರು ತೆಗೆಯಿರಿ ಎಂದ ಭಾಗವನ್ನು ಪುಸ್ತಿಕೆಯಿಂದ ಮಾತ್ರವಲ್ಲ, ಧ್ವನಿಮುದ್ರಣದ ಎಲ್ಲ ಪ್ರತಿಗಳಿಂದಲೂ ತೆಗೆಯಬೇಕು, ಮಕ್ಕಳ ಮೊಬೈಲ್‌ಗಳಲ್ಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪೂರ್ತಿ ಧ್ವನಿಮುದ್ರಣದ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಅವರ ಮನೆಗೆ, ಒಂದು ಶಾಲೆಯ ಗ್ರಂಥಾಲಯಕ್ಕೆ ಸೇರಲಿ. ಕಡತದ ಹೆಸರಿನಲ್ಲಿ ಯುದ್ಧ, ವರ್ಷ ಮತ್ತು ಸಂದರ್ಶನದ ದಿನಾಂಕ ಇರಲಿ.

ಶಾಲು ಹೊದಿಸುವುದು ಬೇಕೇ ಬೇಕೆಂದಿದ್ದರೆ ಪುಸ್ತಿಕೆ ಕೈಸೇರಿದ ದಿನ ಹೊದಿಸಿ, ಮೇಲಾಗಿ ಜನವರಿ 14ರಂದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ಆ ದಿನವನ್ನು ಸಶಸ್ತ್ರ ಪಡೆಗಳ ಮಾಜಿ ಯೋಧರ ದಿನವಾಗಿ ಆಚರಿಸಲಾಗುತ್ತದೆ. ಅಂದು ಅವರಿಂದ ಭಾಷಣ ಮಾಡಿಸಬೇಡಿ. ಮಕ್ಕಳು ಪುಸ್ತಿಕೆಯಿಂದ ಎರಡು ಪುಟ ಓದಲಿ, ಅವರು ಕುರ್ಚಿಯಲ್ಲಿ ಕುಳಿತು ಕೇಳಲಿ. ಮುಂದಿನ ವರ್ಷದ ತರಗತಿಗೆ ಮೊದಲ ಪಾಠವಾಗಿ ಇದೇ ಪುಸ್ತಿಕೆಯನ್ನು ಕೊಟ್ಟು, ಇದರಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳನ್ನು ಪಟ್ಟಿ ಮಾಡಲು ಹೇಳಿ.